ನರ್ಸಿಂಗ್ ಮಾಸ್ಟರ್ಸ್‌ಗೆ ಸೇರುವ ಮುಂಚೆ: ಶಿಕಾಗೊದಲ್ಲಿ ಕ್ಲಾಸು, ಕ್ಲಿನಿಕಲ್ಲು, ಓಡಾಟ ಹೊಂದಿಸಿಕೊಳ್ಳುವ ಬಗೆ

ಬೇರೆ ಯಾವುದೋ ಡಿಗ್ರಿ ಮಾಡಿದವರು ನೇರವಾಗಿ ಮಾಸ್ಟರ್ಸ್ ಸೇರಿ ನರ್ಸ್ ಆಗುವ ದಾರಿಯೊಂದು ಅಮೆರಿಕದಲ್ಲಿದೆ. ಬಿಇ, ಬಿಎಸ್ಸಿ, ಬಿಕಾಂ, ಏನಾದರೂ ಓದಿರಬಹುದು. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಥರದ ಕೆಲವು ಕೋರ್ಸುಗಳನ್ನು ಮೊದಲೇ ಮುಗಿಸಿಕೊಂಡಿರಬೇಕು. ಮೂರು ವರ್ಷದ ಡಿಗ್ರಿ ನಿಮ್ಮದಾದರೆ ಅದನ್ನು ಇಲ್ಲಿನ ಬ್ಯಾಚುಲರ್ಸ್‌ಗೆ ಸಮ ಅಂತ ಒಪ್ಪುತ್ತಾರಾ ಅಂತ ಮೊದಲು ಕೇಳಿ. ಶಿಕಾಗೊ ಸುತ್ತ ಡಿಪಾಲ್, ರಷ್, ಎಲ್ಮ್‌ಹರ್ಸ್ಟ್ ಯೂನಿವರ್ಸಿಟಿಗಳಲ್ಲಿ ಇಂಥ ಕೋರ್ಸ್ ಇದೆ. ಸುಮಾರು ಎರಡು ವರ್ಷ, ಫುಲ್ ಟೈಮ್, ಕೊನೆಗೆ ಎನ್‌ಕ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ ಪಾಸಾದರೆ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಲೈಸೆನ್ಸ್. ಎಚ್4 ವೀಸಾದಲ್ಲಿ (ಎಚ್1ಬಿ ಕೆಲಸಗಾರರ ಮನೆಯವರ ವೀಸಾ) ಇರುವವರು ವೀಸಾ ಬದಲಾಯಿಸದೆಯೇ ಓದಬಹುದು. ಕೆಲಸ ಮಾಡುವುದಕ್ಕೆ ಮಾತ್ರ ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕು.

ಶಿಕಾಗೊ ಸಬರ್ಬ್‌ಗಳಾದ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ ಇರುವ ನಮ್ಮವರು ಈ ಕೋರ್ಸಿನ ಬಗ್ಗೆ ಕೇಳುವ ಮೊದಲ ಪ್ರಶ್ನೆ ಫೀಸಿನದು, ಎರಡನೆಯದು "ಕ್ಯಾಂಪಸ್ ಮನೆಯಿಂದ ಎಷ್ಟು ದೂರ?" ಅನ್ನುವುದು. ಈ ಎರಡನೇ ಪ್ರಶ್ನೆಗೆ ಸಿಗುವ ಉತ್ತರದಿಂದ ಏನೂ ಪ್ರಯೋಜನವಿಲ್ಲ. ನಿಮ್ಮ ಎರಡು ವರ್ಷವನ್ನು ನಡೆಸುವುದು ಕ್ಲಿನಿಕಲ್, ಅಂದರೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾಡುವ ತರಬೇತಿ, ಅದರ ಶಿಫ್ಟ್ ಟೈಮು. ಕ್ಯಾಂಪಸ್ಸು ಆಮೇಲಿನ ಮಾತು. ಮನೆ, ಕಾರು, ಮಕ್ಕಳ ಡೇಕೇರ್, ಎಲ್ಲವನ್ನೂ ವಾರದ ಅತಿ ಕಷ್ಟದ ದಿನಕ್ಕೆ ಹೊಂದಿಸಿದರೆ ಉಳಿದ ದಿನಗಳು ತಾವಾಗಿಯೇ ನಡೆಯುತ್ತವೆ.

ಹೆಜ್ಜೆ 1: ಟೈಮ್‌ಟೇಬಲ್‌ನಲ್ಲಿ ಕಾಣದ ಗಂಟೆಗಳನ್ನು ಎಣಿಸಿ

ಕೋರ್ಸ್ ಲಿಸ್ಟ್ ನೋಡಿದಾಗ ಕ್ರೆಡಿಟ್‌ಗಳು ಕಡಿಮೆ ಅನಿಸುತ್ತವೆ. ಪಾಠದ ಒಂದು ಕ್ರೆಡಿಟ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆ ಕ್ಲಾಸು. ಕ್ಲಿನಿಕಲ್ ಕ್ರೆಡಿಟ್‌ನ ಲೆಕ್ಕವೇ ಬೇರೆ, ಅಲ್ಲಿ ಒಂದು ಕ್ರೆಡಿಟ್‌ಗೆ ವಾರಕ್ಕೆ ಮೂರು ಗಂಟೆ, ಕೆಲವು ಕಡೆ ಇನ್ನೂ ಜಾಸ್ತಿ. ಹಾಗಾಗಿ ಎರಡು ಕ್ರೆಡಿಟ್ ಅಂತ ಬರೆದಿದ್ದರೂ ವಾರಕ್ಕೆ ಆರು ಗಂಟೆ ಆಸ್ಪತ್ರೆಯಲ್ಲಿ ನಿಂತಿರುತ್ತೀರಿ, ಅಥವಾ ಅದನ್ನೇ ಒಟ್ಟು ಮಾಡಿ ಎರಡು ವಾರಕ್ಕೊಮ್ಮೆ ಹನ್ನೆರಡು ಗಂಟೆಯ ಒಂದು ಶಿಫ್ಟ್ ಮಾಡಿಸುತ್ತಾರೆ. ಇದರ ಮೇಲೆ ಸ್ಕಿಲ್ಸ್ ಲ್ಯಾಬ್, ಸಿಮ್ ಲ್ಯಾಬ್ (ಬೊಂಬೆ ರೋಗಿಯ ಮೇಲೆ ಅಭ್ಯಾಸ), ಚೆಕ್‌ಆಫ್ ಬರುತ್ತವೆ. ಚೆಕ್‌ಆಫ್ ಅಂದರೆ ಇಂಜೆಕ್ಷನ್ ಕೊಡುವುದು, ಕ್ಯಾಥೆಟರ್ ಹಾಕುವುದು ಇಂಥವನ್ನು ಟೀಚರ್ ಮುಂದೆ ಮಾಡಿ ತೋರಿಸುವ ಪರೀಕ್ಷೆ, ಅದಕ್ಕೆ ಪ್ರಾಕ್ಟೀಸ್ ಮಾಡಲು ಲ್ಯಾಬ್‌ಗೆ ಮತ್ತೆ ಹೋಗಬೇಕು, ಆ ಗಂಟೆಗಳು ಯಾವ ಹಾಳೆಯಲ್ಲೂ ಇರುವುದಿಲ್ಲ.

ಒಂದು ಖಾಲಿ ಹಾಳೆ ತೆಗೆದುಕೊಂಡು ವಾರದ ಏಳೂ ದಿನ ಬರೆಯಿರಿ. ಏಳೂ ದಿನ ಅಂತ ಬೇಕೆಂದೇ ಹೇಳಿದ್ದು, ಯಾಕೆಂದರೆ ಕ್ಲಿನಿಕಲ್ ಶನಿವಾರ ಭಾನುವಾರವೂ ಬೀಳಬಹುದು, ಮಧ್ಯಾಹ್ನ 3ರಿಂದ ರಾತ್ರಿ 11ರವರೆಗೂ ಬೀಳಬಹುದು. ಪಾಠ, ಲ್ಯಾಬ್, ಕ್ಲಿನಿಕಲ್, ಓಡಾಟ, ಓದು, ನಿದ್ದೆ ಎಲ್ಲ ತುಂಬಿಸಿ. ಕ್ಲಿನಿಕಲ್ ಮುಗಿದ ಮೇಲೆ ಕೇರ್ ಪ್ಲಾನ್ (ರೋಗಿಯ ಆರೈಕೆ ಹೇಗೆ ಅನ್ನುವ ಬರಹ) ಬರೆಯಲು ಎರಡು ಮೂರು ಗಂಟೆ ಬೇರೆ ಇಡಿ. ಇಷ್ಟು ಬರೆದ ಮೇಲೆ ಪಾರ್ಟ್ ಟೈಮ್ ಕೆಲಸಕ್ಕೆ ಜಾಗ ಉಳಿದಿದೆಯಾ ಅಂತ ನೋಡಿ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಆರು ತಿಂಗಳು ಆ ಯೋಚನೆಯನ್ನೇ ಬಿಡಿ.

ಇನ್ನೊಂದು ವಿಷಯ. ಡಿಪಾಲ್‌ನಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಹತ್ತು ವಾರ ಪಾಠ, ಆಮೇಲೆ ಫೈನಲ್ ಪರೀಕ್ಷೆ. ಸೆಮಿಸ್ಟರ್ ಆದರೆ ಹದಿನೈದು ವಾರದ ಹತ್ತಿರ. ಹತ್ತು ವಾರಕ್ಕೊಮ್ಮೆ ನಿಮ್ಮ ಟೈಮ್‌ಟೇಬಲ್ ಪೂರ್ತಿ ಬದಲಾಗುತ್ತದೆ, ಜೊತೆಗೆ ಆಸ್ಪತ್ರೆಯೂ ಬದಲಾಗಬಹುದು. ಈ ಓಡಾಟ ಅಭ್ಯಾಸವಾಯಿತು ಅನ್ನುವ ಹೊತ್ತಿಗೆ ಹೊಸ ಓಡಾಟ ಶುರು.

ಹೆಜ್ಜೆ 2: ಮ್ಯಾಪ್‌ನಲ್ಲಿ ಆಸ್ಪತ್ರೆಗಳನ್ನು ಗುರುತು ಹಾಕಿ

ಮೆಡ್-ಸರ್ಜ್ (ದೊಡ್ಡವರ ಕಾಯಿಲೆ, ಆಪರೇಷನ್‌ಗಳ ವಾರ್ಡ್) ಒಂದು ಆಸ್ಪತ್ರೆಯಲ್ಲಿ, ಹೆರಿಗೆ ವಾರ್ಡ್ ಇನ್ನೊಂದರಲ್ಲಿ, ಮಕ್ಕಳ ವಿಭಾಗ ಮತ್ತೊಂದರಲ್ಲಿ, ಸೈಕ್, ಅಂದರೆ ಮಾನಸಿಕ ಚಿಕಿತ್ಸೆಯ ವಿಭಾಗ, ಎಲ್ಲೋ ಊರಾಚೆ, ಕಮ್ಯುನಿಟಿ ಹೆಲ್ತ್ ಯಾವುದೋ ಶಾಲೆಯಲ್ಲೋ ಕ್ಲಿನಿಕ್‌ನಲ್ಲೋ. ಎಲ್ಲ ಕಡೆ ಒಂದೇ ಆಸ್ಪತ್ರೆ ಸಿಗುವುದು ಅಪರೂಪ. ಆಸ್ಪತ್ರೆಯ ಹೆಸರು ಗೊತ್ತಾಗುವುದು ಟರ್ಮ್ ಶುರುವಾಗುವ ಸ್ವಲ್ಪ ಮುಂಚೆ, ಗೊತ್ತಾದ ಮೇಲೂ ಬದಲಾಗುವುದುಂಟು. ಇದಕ್ಕೆ ಕಾಲೇಜನ್ನು ಬೈದು ಫಲವಿಲ್ಲ, ಒಂದೇ ವಾರ್ಡಿಗೆ ನಾಲ್ಕಾರು ಕಾಲೇಜುಗಳು ಕ್ಯೂ ನಿಂತಿರುತ್ತವೆ.

ಆದ್ದರಿಂದ ಡೆಪಾಸಿಟ್ ಕಟ್ಟುವ ಮುಂಚೆ ಅಡ್ಮಿಷನ್ ಆಫೀಸಿಗೆ ಒಂದು ಇಮೇಲ್ ಹಾಕಿ, ನೇರವಾಗಿ ಕೇಳಿ: ಹೋದ ವರ್ಷ ವಿದ್ಯಾರ್ಥಿಗಳನ್ನು ಯಾವ ಯಾವ ಆಸ್ಪತ್ರೆಗೆ ಕಳಿಸಿದ್ದಿರಿ? ಹೆಚ್ಚೆಂದರೆ ಎಷ್ಟು ಮೈಲಿ? ಆಯ್ಕೆಗೆ ಅವಕಾಶ ಇದೆಯಾ, ಲಾಟರಿನಾ, ಅಥವಾ ನೀವೇ ಹಾಕುತ್ತೀರಾ? ಕಾರು ಇರಲೇಬೇಕಾ? ವೇಳಾಪಟ್ಟಿ ಎಷ್ಟು ದಿನ ಮುಂಚೆ ಕೈಗೆ ಸಿಗುತ್ತದೆ? ಒಂದು ದಿನ ತಪ್ಪಿದರೆ ಮೇಕಪ್ (ಅದನ್ನು ಬೇರೆ ದಿನ ಮಾಡುವ ಅವಕಾಶ) ಇದೆಯಾ, ಅದಕ್ಕೆ ದುಡ್ಡು ಬೇರೆ ಕಟ್ಟಬೇಕಾ? "ಅದು ಬದಲಾಗುತ್ತಿರುತ್ತದೆ" ಅಂತ ಉತ್ತರ ಬರಬಹುದು. ಆಗ ಈಗ ಓದುತ್ತಿರುವ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡಿಸಿ ಅನ್ನಿ. ಅಡ್ಮಿಷನ್ ಆಫೀಸಿನ ಹತ್ತು ಇಮೇಲ್‌ಗಿಂತ ಎರಡನೇ ವರ್ಷದ ಹುಡುಗಿಯೊಬ್ಬಳ ಹತ್ತು ನಿಮಿಷದ ಫೋನ್‌ನಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಹೆಸರು ನೋಡಿ ದೂರ ಅಂದಾಜು ಮಾಡಬೇಡಿ. ಡಿಪಾಲ್ ಕೋರ್ಸ್ ಲಿಂಕನ್ ಪಾರ್ಕ್ ಕ್ಯಾಂಪಸ್ ಬಿಟ್ಟು ನಾರ್ತ್ ಶಿಕಾಗೊದ ರೋಸಲಿಂಡ್ ಫ್ರಾಂಕ್ಲಿನ್ ಯೂನಿವರ್ಸಿಟಿ ಆವರಣದಲ್ಲೂ ನಡೆಯುತ್ತದೆ. ನಾರ್ತ್ ಶಿಕಾಗೊ ಅಂದರೆ ಶಿಕಾಗೊದ ಉತ್ತರ ಭಾಗ ಅಂದುಕೊಂಡರೆ ಕೆಟ್ಟಿರಿ. ಅದು ವಾಕೀಗನ್ ಪಕ್ಕದ ಬೇರೆಯೇ ಊರು, ಡೌನ್‌ಟೌನ್‌ನಿಂದ ಮೂವತ್ತು ಮೈಲಿಗೂ ಮೇಲೆ. ಲೇಕ್ ಕೌಂಟಿ ಕಡೆ ಮನೆ ಇರುವವರಿಗೆ ಅದು ವರ. ನೇಪರ್‌ವಿಲ್‌ನವರಿಗೆ ಬೇಡವೇ ಬೇಡ.

ಹೆಜ್ಜೆ 3: ಬೆಳಗಿನ 6.45ರಿಂದ ಹಿಂದಕ್ಕೆ ಲೆಕ್ಕ ಹಾಕಿ

ಆಸ್ಪತ್ರೆಯಲ್ಲಿ ರಾತ್ರಿ ನರ್ಸ್ ಬೆಳಗಿನ ನರ್ಸ್‌ಗೆ ರೋಗಿಗಳನ್ನು ಒಪ್ಪಿಸುವುದು ಸಾಮಾನ್ಯವಾಗಿ ಬೆಳಿಗ್ಗೆ 7ಕ್ಕೆ. ಆ ರಿಪೋರ್ಟ್ ಕೇಳಿಸಿಕೊಳ್ಳದಿದ್ದರೆ ಆ ದಿನ ನಿಮಗೆ ರೋಗಿಯ ಬಗ್ಗೆ ಏನೂ ಗೊತ್ತಿರುವುದಿಲ್ಲ. ಅದಕ್ಕೇ ಇನ್‌ಸ್ಟ್ರಕ್ಟರ್‌ಗಳು 6.30ಕ್ಕೋ 6.45ಕ್ಕೋ ಬರಲು ಹೇಳುತ್ತಾರೆ. ಹೇಳಿದ ಟೈಮಿಗೆ ಅಂದರೆ ಕೋಟು ತೆಗೆದು, ಬ್ಯಾಗು ಇಟ್ಟು, ಬ್ಯಾಡ್ಜ್ ಹಾಕಿಕೊಂಡು ವಾರ್ಡ್‌ನಲ್ಲಿ ನಿಂತಿರಬೇಕು. ಇಂಡಿಯನ್ ಟೈಮ್ ಅಂತ ನಾವು ನಗುತ್ತೀವಲ್ಲ, ಇಲ್ಲಿ ಅದು ನಡೆಯುವುದಿಲ್ಲ. ಕೆಲವು ಕಡೆ ಎರಡು ಸಲ ತಡವಾದರೆ ಒಂದು ದಿನ ಗೈರು ಅಂತ ಬರೆಯುತ್ತಾರೆ, ಗೈರು ಜಾಸ್ತಿಯಾದರೆ ಆ ಕೋರ್ಸೇ ಫೇಲು. ಒಂದು ಕೋರ್ಸ್ ಫೇಲಾದರೆ ನಿಮ್ಮ ಬ್ಯಾಚ್ ಮುಂದೆ ಹೋಗುತ್ತದೆ, ಆ ಕೋರ್ಸ್ ಮತ್ತೆ ಬರುವವರೆಗೆ ನೀವು ಕಾಯುತ್ತೀರಿ.

ಹೀಗೆ ಲೆಕ್ಕ ಹಾಕಿ. 6.45ಕ್ಕೆ ವಾರ್ಡ್. ಪಾರ್ಕಿಂಗ್‌ನಿಂದ ವಾರ್ಡ್‌ಗೆ ಇಪ್ಪತ್ತು ನಿಮಿಷ, ಯಾಕೆಂದರೆ ವಿದ್ಯಾರ್ಥಿಗಳಿಗೆ ಸಿಗುವುದು ದೂರದ ಲಾಟ್, ಅಲ್ಲಿಂದ ಶಟಲ್ ಕಾಯಬೇಕು, ದೊಡ್ಡ ಆಸ್ಪತ್ರೆಗಳಲ್ಲಿ ಲಿಫ್ಟ್ ಹುಡುಕುವುದೇ ಒಂದು ಕೆಲಸ. ಅಂದರೆ 6.25ಕ್ಕೆ ಕಾರು ನಿಂತಿರಬೇಕು. ನೇಪರ್‌ವಿಲ್‌ನಿಂದ ನಗರದೊಳಗಿನ ಆಸ್ಪತ್ರೆಗೆ ಆ ಹೊತ್ತಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ, ಮೇಲೆ ಹದಿನೈದು ನಿಮಿಷ ಕೈಯಲ್ಲಿರಲಿ. ಮನೆ ಬಿಡುವುದು 5.10ಕ್ಕೆ. ಏಳುವುದು 4.20ಕ್ಕೆ. ಮಲಗುವುದು? ರಾತ್ರಿ 9ಕ್ಕೆ ದೀಪ ಆರಿಸಿದರೆ ಏಳು ಗಂಟೆ ನಿದ್ದೆ. ಮನೆಯಲ್ಲಿ 9ಕ್ಕೆ ಊಟಕ್ಕೆ ಕೂರುವ ಅಭ್ಯಾಸವಿದ್ದರೆ ಅದನ್ನು ಕೋರ್ಸ್ ಶುರುವಾಗುವ ತಿಂಗಳ ಮುಂಚೆಯೇ ಬದಲಾಯಿಸಿ.

ಹೊಸ ಆಸ್ಪತ್ರೆ ಅಂತ ಗೊತ್ತಾದ ಕೂಡಲೇ ಒಂದು ಕೆಲಸದ ದಿನ, ಅದೇ ಬೆಳಗಿನ ಹೊತ್ತಿಗೆ, ಒಮ್ಮೆ ಹೋಗಿ ಬನ್ನಿ. ಭಾನುವಾರ ಮಧ್ಯಾಹ್ನ ಹೋಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಯಾವ ಬಾಗಿಲು ಅಷ್ಟು ಹೊತ್ತಿಗೆ ತೆಗೆದಿರುತ್ತದೆ ಅಂತಲೂ ನೋಡಿಕೊಳ್ಳಿ, ಮುಖ್ಯ ಬಾಗಿಲು ಮುಚ್ಚಿದ್ದು ಎಮರ್ಜೆನ್ಸಿ ಕಡೆಯಿಂದ ಒಳಗೆ ಬಿಡುವ ಆಸ್ಪತ್ರೆಗಳೂ ಇವೆ.

ಹೆಜ್ಜೆ 4: ರೈಲೋ ಕಾರೋ ಅಂತ ದಿನಕ್ಕೆ ತಕ್ಕ ಹಾಗೆ ತೀರ್ಮಾನಿಸಿ

ಕ್ಲಾಸಿನ ದಿನಗಳಿಗೆ ರೈಲು ಒಳ್ಳೆಯದು, ಇದರಲ್ಲಿ ನನಗೆ ಅನುಮಾನವಿಲ್ಲ. ನೇಪರ್‌ವಿಲ್‌ನಿಂದ ಮೆಟ್ರಾ (ಸಬರ್ಬ್‌ಗಳಿಗೆ ಓಡುವ ರೈಲು) ಬಿಎನ್‌ಎಸ್‌ಎಫ್ ಲೈನ್ ಹತ್ತಿದರೆ ಡೌನ್‌ಟೌನ್‌ನ ಯೂನಿಯನ್ ಸ್ಟೇಷನ್‌ಗೆ ಎಕ್ಸ್‌ಪ್ರೆಸ್‌ನಲ್ಲಿ 40 ನಿಮಿಷದ ಆಚೀಚೆ, ಎಲ್ಲ ಕಡೆ ನಿಲ್ಲುವ ರೈಲಾದರೆ ಒಂದು ಗಂಟೆ. ಅರೋರಾ ಮತ್ತು ನೇಪರ್‌ವಿಲ್ ನಡುವೆ ಇರುವವರಿಗೆ ರೂಟ್ 59 ಸ್ಟೇಷನ್ ಅನುಕೂಲ, ಪಾರ್ಕಿಂಗ್ ದೊಡ್ಡದಿದೆ. ಆ ಒಂದು ಗಂಟೆಯಲ್ಲಿ ಫಾರ್ಮಕಾಲಜಿ ಫ್ಲ್ಯಾಶ್‌ಕಾರ್ಡ್ ನೋಡಬಹುದು, ಸ್ಟೀರಿಂಗ್ ಹಿಡಿದು ಕೂತರೆ ಅದಾಗುವುದಿಲ್ಲ.

ರಷ್‌ಗೆ ಹೋಗುವವರು ಯೂನಿಯನ್ ಸ್ಟೇಷನ್‌ನಿಂದ ದಕ್ಷಿಣಕ್ಕೆ ಎರಡು ಬ್ಲಾಕ್ ನಡೆದು ಕ್ಲಿಂಟನ್‌ನಲ್ಲಿ ಸಿಟಿಎ (ನಗರದೊಳಗಿನ ರೈಲು, ಬಸ್ಸು ಓಡಿಸುವ ಸಂಸ್ಥೆ) ಬ್ಲೂ ಲೈನ್ ಹತ್ತಿ, ಫಾರೆಸ್ಟ್ ಪಾರ್ಕ್ ದಿಕ್ಕಿನದು. ಸ್ವಲ್ಪ ಹೊತ್ತಿಗೇ ಇಲಿನಾಯ್ ಮೆಡಿಕಲ್ ಡಿಸ್ಟ್ರಿಕ್ಟ್ ಸ್ಟೇಷನ್ ಬರುತ್ತದೆ. ಪಿಂಕ್ ಲೈನ್‌ನ ಪೋಕ್ ಸ್ಟೇಷನ್ ಇನ್ನೂ ಹತ್ತಿರ. ಡಿಪಾಲ್‌ನ ಲಿಂಕನ್ ಪಾರ್ಕ್‌ಗೆ ಹೋಗುವವರು ಪೂರ್ವಕ್ಕೆ ಕ್ವಿನ್ಸಿ ಸ್ಟೇಷನ್‌ವರೆಗೆ ನಡೆದು ಬ್ರೌನ್ ಲೈನ್ ಹಿಡಿದು ಫುಲ್ಲರ್ಟನ್‌ನಲ್ಲಿ ಇಳಿಯಬೇಕು. ಅದು ಲೂಪ್ (ಡೌನ್‌ಟೌನ್‌ನ ವೃತ್ತಾಕಾರದ ಹಳಿ) ಸುತ್ತಿಕೊಂಡು ಹೋಗುವುದರಿಂದ ಹೊತ್ತು ಹಿಡಿಯುತ್ತದೆ. ಶಾಂಬರ್ಗ್ ಕಡೆಯವರಿಗೆ ನನ್ನ ಸಲಹೆ ರೋಸ್‌ಮಾಂಟ್‌ನಲ್ಲಿ ಕಾರು ನಿಲ್ಲಿಸಿ ಬ್ಲೂ ಲೈನ್ ಹತ್ತುವುದು. ಮೆಡಿಕಲ್ ಡಿಸ್ಟ್ರಿಕ್ಟ್‌ವರೆಗೆ ಇಳಿದು ಹತ್ತುವ ತಾಪತ್ರಯವಿಲ್ಲ, ಮತ್ತು ಬ್ಲೂ, ರೆಡ್ ಲೈನ್‌ಗಳು ದಿನದ 24 ಗಂಟೆಯೂ ಓಡುತ್ತವೆ. ಸಂಜೆ ಶಿಫ್ಟ್ ರಾತ್ರಿ 11ಕ್ಕೆ ಮುಗಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಯು-ಪಾಸ್ ಅಂತ ಒಂದಿದೆ. ಒಪ್ಪಂದ ಮಾಡಿಕೊಂಡ ಕಾಲೇಜುಗಳ ಫುಲ್ ಟೈಮ್ ವಿದ್ಯಾರ್ಥಿಗಳಿಗೆ ಟರ್ಮ್ ನಡೆಯುವಾಗ ಸಿಟಿಎ ರೈಲು, ಬಸ್ಸು ಎಲ್ಲ ಅದರಲ್ಲೇ. ಆದರೆ ಅದು ಮೆಟ್ರಾದಲ್ಲಿ ನಡೆಯುವುದಿಲ್ಲ. ಸಬರ್ಬ್‌ನಿಂದ ಬರುವವರು ಮೆಟ್ರಾ ಟಿಕೆಟ್ ಬೇರೆ ತೆಗೆಯಬೇಕು, ವೆಂಟ್ರಾ ಆ್ಯಪ್‌ನಲ್ಲಿ ಸಿಗುತ್ತದೆ. ವಾರಕ್ಕೆ ಎರಡೇ ದಿನ ಹೋಗುವುದಾದರೆ ತಿಂಗಳ ಪಾಸ್ ನಷ್ಟ, ಕೂತು ಲೆಕ್ಕ ಹಾಕಿ.

ಕ್ಲಿನಿಕಲ್ ದಿನಗಳಿಗೆ ಬಂದರೆ ಮಾತು ಬೇರೆ. ಬೆಳಿಗ್ಗೆ 6.30ಕ್ಕೆ ಆಸ್ಪತ್ರೆ ಸೇರಿಸುವ ರೈಲು ನಿಮ್ಮ ಸ್ಟೇಷನ್‌ನಲ್ಲಿ ಇದೆಯಾ ಅಂತ ವಾರದ ದಿನಕ್ಕೂ ವೀಕೆಂಡ್‌ಗೂ ಬೇರೆ ಬೇರೆಯಾಗಿ ನೋಡಿ. ಶನಿವಾರ, ಭಾನುವಾರ ಮೆಟ್ರಾ ರೈಲುಗಳು ತುಂಬಾ ಕಡಿಮೆ. ಆಸ್ಪತ್ರೆ ಸಬರ್ಬ್‌ನಲ್ಲೇ ಇದ್ದರೆ ರೈಲಿನ ಮಾತೇ ಇಲ್ಲ, ಶಿಕಾಗೊ ರೈಲುಗಳೆಲ್ಲ ಡೌನ್‌ಟೌನ್‌ಗೆ ಹೋಗಿ ಬರುವುದಕ್ಕೆ ಮಾಡಿದವು, ಒಂದು ಸಬರ್ಬ್‌ನಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಮಾಡಿದವಲ್ಲ. ಹಾಗಾಗಿ ಒಂದು ಕಾರು ಬೇಕೇ ಬೇಕು. ಮನೆಯಲ್ಲಿ ಒಂದೇ ಕಾರಿದ್ದರೆ ಅದು ಆ ದಿನ ನಿಮ್ಮದು, ಯಜಮಾನರು ಮನೆಯಿಂದ ಕೆಲಸ ಮಾಡಲಿ ಅಥವಾ ಅವರು ರೈಲು ಹತ್ತಲಿ.

ಕಾರಿನವರಿಗೆ ಎರಡು ಮಾತು. ಐ-88 ಟೋಲ್ ರಸ್ತೆ, ಐ-ಪಾಸ್ (ಕಾರಿನಲ್ಲಿ ಇಡುವ ಟೋಲ್ ಟ್ಯಾಗ್) ಇಲ್ಲದಿದ್ದರೆ ಟೋಲ್ ಎರಡು ಪಟ್ಟು. ಐ-290, ಎಲ್ಲರೂ ಐಸನ್‌ಹೋವರ್ ಅನ್ನುವ ರಸ್ತೆ, ನಗರಕ್ಕೆ ಬರುವ ಮುಂಚೆ ನಾಲ್ಕು ಲೇನ್‌ನಿಂದ ಮೂರಕ್ಕೆ ಇಳಿಯುತ್ತದೆ. ದಟ್ಟಣೆ ಅಲ್ಲೇ ಶುರು. ಹಾರ್ಲೆಮ್, ಆಸ್ಟಿನ್ ಎಕ್ಸಿಟ್‌ಗಳು ಎಡಗಡೆ ಇವೆ, ಹೊಸಬರು ಅಲ್ಲಿ ತಬ್ಬಿಬ್ಬಾಗುತ್ತಾರೆ. 5.30ಕ್ಕೆ ಅಲ್ಲಿ ದಾಟಿದರೆ ಹಾಯಾಗಿ ಹೋಗಬಹುದು, 6.15 ಆಯಿತೋ ಕಥೆ ಬೇರೆ.

ಕಾರ್‌ಪೂಲ್ ಮಾಡಿ, ಖಂಡಿತ ಮಾಡಿ, ಆದರೆ ಯಾರ ಜೊತೆ ಅನ್ನುವುದನ್ನು ನೋಡಿಕೊಂಡು. ನಿಮ್ಮ ಕ್ಲಿನಿಕಲ್ ಗುಂಪಿನಲ್ಲಿ ಹತ್ತಿರ ಹತ್ತಿರ ಎಂಟು ಜನ ಇರುತ್ತಾರೆ, ಅವರಲ್ಲಿ ಒಬ್ಬಿಬ್ಬರು ನಿಮ್ಮ ಕಡೆಯವರೇ ಸಿಗಬಹುದು. ಮೊದಲ ದಿನವೇ ಮಾತು ಸ್ಪಷ್ಟ ಮಾಡಿಕೊಳ್ಳಿ: ಪೆಟ್ರೋಲು ಟೋಲು ಹೇಗೆ ಹಂಚಿಕೊಳ್ಳುವುದು, ಎಷ್ಟು ನಿಮಿಷ ಕಾಯುವುದು, ಕಾಯದೆ ಬಿಟ್ಟು ಹೋದರೆ ಬೇಜಾರು ಮಾಡಿಕೊಳ್ಳಬಾರದು ಅಂತ. ನಮ್ಮವರು ಇಂಥ ಮಾತು ಆಡುವುದಕ್ಕೆ ಸಂಕೋಚ ಪಡುತ್ತೀವಿ, ಅಲ್ವಾ? ಆಮೇಲೆ ಒಬ್ಬರು ತಡ ಮಾಡಿದ್ದಕ್ಕೆ ಮೂರು ಜನರ ಹೆಸರಿನ ಮುಂದೆ ಗುರುತು ಬಿದ್ದಾಗ ಸಂಕೋಚ ಜಗಳವಾಗುತ್ತದೆ.

ಹೆಜ್ಜೆ 5: ಮನೆಯವರ ಜೊತೆ ಕ್ಯಾಲೆಂಡರ್ ಇಟ್ಟುಕೊಂಡು ಕೂರಿ

ಬೆಳಿಗ್ಗೆ 5.10ಕ್ಕೆ ನೀವು ಮನೆ ಬಿಟ್ಟರೆ ಆ ಹೊತ್ತಿಗೆ ಯಾವ ಡೇಕೇರೂ ತೆಗೆದಿರುವುದಿಲ್ಲ. ಮಕ್ಕಳನ್ನು ಎಬ್ಬಿಸಿ, ತಿಂಡಿ ಕೊಟ್ಟು, ಬಸ್ಸು ಹತ್ತಿಸುವುದು ಇನ್ನೊಬ್ಬರ ಕೆಲಸ. "ನೋಡೋಣ, ಹೇಗೋ ಆಗುತ್ತೆ" ಅನ್ನುವ ಗಂಡನಿಗೆ ಯಾವ ವಾರ, ಯಾವ ದಿನ ಅಂತ ಬರೆದು ಕೊಡಿ. ಅವರ ಆಫೀಸಿನ ಬೆಳಗಿನ ಮೀಟಿಂಗ್‌ಗಳು ಆ ದಿನಗಳಲ್ಲಿ ಇರಬಾರದು ಅಂತ ಈಗಲೇ ಹೇಳಿ.

ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುವ ಯೋಚನೆ ಇದ್ದರೆ ಅದನ್ನು ಕ್ಲಿನಿಕಲ್ ಜಾಸ್ತಿ ಇರುವ ಟರ್ಮ್‌ಗೆ ಹೊಂದಿಸಿ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು ಇರಲು ಬಿಡುತ್ತಾರೆ. ಬೇಸಿಗೆ ಚೆನ್ನಾಗಿರುತ್ತದೆ ಅಂತ ಅವರನ್ನು ನಿಮ್ಮ ರಜೆಯಲ್ಲೇ ಕರೆಸಿಕೊಂಡರೆ ಸುಮ್ನೆ ಊರು ತೋರಿಸುವುದರಲ್ಲಿ ಮುಗಿಯುತ್ತದೆ, ನಿಜವಾಗಿ ಕೈ ಬೇಕಾದಾಗ ಅವರು ವಾಪಸ್ ಹೋಗಿರುತ್ತಾರೆ. ಹಾಗಂತ ಜನವರಿಯಲ್ಲಿ ಕರೆಸಿ ನಾಲ್ಕು ಗೋಡೆ ನಡುವೆ ಕೂರಿಸುವುದೂ ಕಷ್ಟ. ಆಗಸ್ಟ್ ಕೊನೆಗೆ ಬಂದರೆ ಎರಡೂ ಸ್ವಲ್ಪ ಸ್ವಲ್ಪ ಸಿಗುತ್ತದೆ.

ಕನ್ನಡ ಕೂಟದ ಯುಗಾದಿ, ಗಣೇಶ, ರಾಜ್ಯೋತ್ಸವ ಕಾರ್ಯಕ್ರಮಗಳು ವೀಕೆಂಡ್‌ನಲ್ಲೇ ಇರುತ್ತವೆ. ಒಂದು ವರ್ಷ ನಾಟಕದ ಪಾತ್ರ ಒಪ್ಪಿಕೊಳ್ಳಬೇಡಿ. ನೋಡಲು ಹೋಗಿ, ಸಾಕು.

ಹೆಜ್ಜೆ 6: ಕಾಗದಗಳನ್ನು ಎರಡು ತಿಂಗಳ ಮುಂಚೆ ಶುರು ಮಾಡಿ

ಬ್ಯಾಕ್‌ಗ್ರೌಂಡ್ ಚೆಕ್, ಡ್ರಗ್ ಟೆಸ್ಟ್, ಬಿಎಲ್‌ಎಸ್ (ಸಿಪಿಆರ್ ಥರದ ಜೀವ ಉಳಿಸುವ ತರಬೇತಿ) ಕಾರ್ಡ್, ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಲಸಿಕೆಯ ದಾಖಲೆ. ಒಂದು ಕಡಿಮೆಯಾದರೂ ಆಸ್ಪತ್ರೆಯೊಳಗೆ ಬಿಡುವುದಿಲ್ಲ, ಆ ದಿನ ಗೈರು. ಇಂಡಿಯಾದಲ್ಲಿ ಹುಟ್ಟಿದವರಿಗೆ ಒಂದು ತೊಡಕು ಟಿಬಿ ಪರೀಕ್ಷೆಯದು. ನಮಗೆ ಚಿಕ್ಕಂದಿನಲ್ಲಿ ಬಿಸಿಜಿ ಹಾಕಿರುತ್ತಾರೆ, ಅದರಿಂದ ಕೈಗೆ ಚುಚ್ಚಿ ನೋಡುವ ಸ್ಕಿನ್ ಟೆಸ್ಟ್ ಸುಮ್ಮನೆ ಪಾಸಿಟಿವ್ ಬರಬಹುದು. ಮೊದಲೇ ರಕ್ತದ ಪರೀಕ್ಷೆ ಮಾಡಿ ಅಂತ ಕೇಳಿ, ಕ್ವಾಂಟಿಫೆರಾನ್ ಅಂದರೆ ಅವರಿಗೆ ಅರ್ಥವಾಗುತ್ತದೆ. ಬಿಸಿಜಿ ಆ ಪರೀಕ್ಷೆಗೆ ಅಡ್ಡ ಬರುವುದಿಲ್ಲ.

ಹೆಜ್ಜೆ 7: ಚಳಿಗಾಲಕ್ಕೆ ಬೇರೆಯೇ ಪ್ಲಾನ್ ಇಡಿ

ಡಿಸೆಂಬರ್ ಕೊನೆಗೆ ಶಿಕಾಗೊದಲ್ಲಿ ಸೂರ್ಯ ಹುಟ್ಟುವುದು 7.15ರ ಮೇಲೆ, ಸಂಜೆ 4.30ರ ಒಳಗೆ ಮುಳುಗಿರುತ್ತಾನೆ. ಕಿಟಕಿ ಇಲ್ಲದ ವಾರ್ಡ್ ಆದರೆ ಆ ದಿನ ಬಿಸಿಲೇ ಕಾಣುವುದಿಲ್ಲ. ಹಿಮ ಬಿದ್ದ ದಿನ ಕಾರಿನ ಗಾಜು ಕೆರೆಯಲು ಹದಿನೈದು ನಿಮಿಷ, ರಸ್ತೆಯಲ್ಲಿ ಒಂದೂವರೆ ಪಟ್ಟು ಹೊತ್ತು. ಮಂಜುಗಡ್ಡೆ ಕಣ್ಣಿಗೆ ಕಾಣದ ಹಾಗೆ ಹರಡಿರುವ ಬ್ಲ್ಯಾಕ್ ಐಸ್ ಹಿಮಕ್ಕಿಂತ ಅಪಾಯ, ಅದರಲ್ಲೂ ಸೇತುವೆ, ರ‍್ಯಾಂಪ್‌ಗಳ ಮೇಲೆ.

ಕ್ಯಾಂಪಸ್ ಮುಚ್ಚಿದೆ ಅಂತ ಮೆಸೇಜ್ ಬಂದರೂ ಕ್ಲಿನಿಕಲ್ ರದ್ದು ಅಂತ ಅರ್ಥವಲ್ಲ. ಆಸ್ಪತ್ರೆ ಮುಚ್ಚುವುದಿಲ್ಲವಲ್ಲ. ಇನ್‌ಸ್ಟ್ರಕ್ಟರ್ ಎಷ್ಟು ಗಂಟೆಗೆ, ಎಲ್ಲಿ ತಿಳಿಸುತ್ತಾರೆ ಅಂತ ನವೆಂಬರ್‌ನಲ್ಲೇ ಕೇಳಿಟ್ಟುಕೊಳ್ಳಿ. ಹಿಮ ಜೋರು ಅಂತ ಮುನ್ಸೂಚನೆ ಇದ್ದರೆ ಹಿಂದಿನ ರಾತ್ರಿಯೇ ನಗರದ ಸ್ನೇಹಿತರ ಮನೆಯಲ್ಲಿ ಉಳಿದುಕೊಳ್ಳಬಹುದು, ಆದರೆ ಕಾರು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಮುಖ್ಯ. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಶಿಕಾಗೊದ ಹಲವು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ಪಾರ್ಕಿಂಗ್ ನಿಷೇಧ, ಹಿಮ ಇರಲಿ ಬಿಡಲಿ. ಬೋರ್ಡ್ ನೋಡದೆ ನಿಲ್ಲಿಸಿದರೆ 5 ಗಂಟೆಗೆ ಕೆಳಗಿಳಿದಾಗ ಕಾರು ಇರುವುದಿಲ್ಲ, ಎಳೆದುಕೊಂಡು ಹೋಗಿರುತ್ತಾರೆ.

ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅವತ್ತು ಕ್ಲಿನಿಕಲ್ ಬಿದ್ದರೆ ನಿಮ್ಮ 4.20 ಅಂದರೆ ದೇಹಕ್ಕೆ 3.20.

ಹೆಜ್ಜೆ 8: ಬ್ಯಾಗು ರಾತ್ರಿಯೇ ಸಿದ್ಧವಾಗಿರಲಿ

ಸ್ಕ್ರಬ್ಸ್ (ವಾರ್ಡಿನ ಯೂನಿಫಾರ್ಮ್), ಬ್ಯಾಡ್ಜ್, ಸ್ಟೆತೊಸ್ಕೋಪ್, ಇನ್ನೊಂದು ಜೊತೆ ಸಾಕ್ಸ್, ಫೋನ್ ಚಾರ್ಜರ್. ವಾರ್ಡಿನ ಬೂಟು ಬ್ಯಾಗಿನಲ್ಲಿ, ಹಿಮದ ಬೂಟು ಕಾಲಲ್ಲಿ. ಸೈಕ್ ಯೂನಿಟ್‌ಗೆ ಹೋಗುವ ದಿನ ಕುತ್ತಿಗೆಯಲ್ಲಿ ಏನೂ ಇರಬಾರದು ಅನ್ನುತ್ತಾರೆ, ರೋಗಿ ಹಿಡಿದು ಎಳೆದರೆ ಅಪಾಯ, ಹಾಗಾಗಿ ತಾಳಿ ಸರ ಮನೆಯಲ್ಲೇ ಇರಲಿ. ಬಳೆ ಯಾವ ವಾರ್ಡಿಗೂ ಬೇಡ.

ಊಟಕ್ಕೆ ಮೈಕ್ರೋವೇವ್ ನಂಬಬೇಡಿ, ಸಿಗುವುದು ಅರ್ಧ ಗಂಟೆ, ಅದರಲ್ಲಿ ಕ್ಯೂ. ತಣ್ಣಗಿದ್ದರೂ ತಿನ್ನಬಹುದಾದ್ದು ತೆಗೆದುಕೊಂಡು ಹೋಗಿ. ಚಿತ್ರಾನ್ನ, ಮೊಸರನ್ನ, ಚಪಾತಿ ಪಲ್ಯ. ಬೆಳಿಗ್ಗೆ 4.30ಕ್ಕೆ ಏನೂ ಇಳಿಯುವುದಿಲ್ಲ ಅನ್ನುವವರು ಕಾರಿನಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಮೊದಲ ಸಲ ಗಾಯದ ಡ್ರೆಸ್ಸಿಂಗ್ ನೋಡಿ ತಲೆ ಸುತ್ತಿ ಬೀಳುವವರು ಇದ್ದಾರೆ.

ಹೆಜ್ಜೆ 9: ಕೊನೆಯ ಟರ್ಮ್, ಪ್ರೆಸೆಪ್ಟರ್ ಜೊತೆ

ಕೊನೆಗೆ ಕೆಲಸ ಕಲಿಸುವ ಒಬ್ಬ ನರ್ಸ್‌ನ, ಅಂದರೆ ಪ್ರೆಸೆಪ್ಟರ್ ಜೊತೆ ನಿಮ್ಮನ್ನು ಹಾಕುತ್ತಾರೆ, ಅವರ ಶಿಫ್ಟೇ ನಿಮ್ಮ ಶಿಫ್ಟು. ಅವರು ವಾರಕ್ಕೆ ಮೂರು ದಿನ ಹನ್ನೆರಡು ಗಂಟೆ ಮಾಡಿದರೆ ನೀವೂ ಅಷ್ಟೇ, ಅವರು ರಾತ್ರಿಯವರಾದರೆ ನೀವೂ ರಾತ್ರಿ. ಹೆಸರು ಸಿಕ್ಕ ದಿನವೇ ಅವರ ಆರು ವಾರದ ಶೆಡ್ಯೂಲ್ ಕೇಳಿ ತೆಗೆದುಕೊಂಡು, ಅದರ ಮೇಲೆ ನಿಮ್ಮ ಪರೀಕ್ಷೆಯ ದಿನಗಳನ್ನು ಗುರುತು ಹಾಕಿ, ಎಲ್ಲಿ ಡಿಕ್ಕಿ ಹೊಡೆಯುತ್ತದೆ ಅಂತ ಮೊದಲೇ ಹೇಳಿ.

ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ನೀವೇ ಕಾರು ಓಡಿಸಿಕೊಂಡು ಐ-88ರಲ್ಲಿ ಬರಬೇಡಿ. ಕಾಫಿ ಕುಡಿದೆ, ಕಿಟಕಿ ತೆಗೆದೆ, ಹಾಡು ಹಾಕಿದೆ ಅನ್ನುವುದೆಲ್ಲ ನಿದ್ದೆಗೆ ಲೆಕ್ಕಕ್ಕಿಲ್ಲ. ಓಡಿಸಲೇಬೇಕಾದರೆ ಆಸ್ಪತ್ರೆಯ ಪಾರ್ಕಿಂಗ್‌ನಲ್ಲೇ ಇಪ್ಪತ್ತು ನಿಮಿಷ ಮಲಗಿ ಎದ್ದು ಹೊರಡಿ. ಇಲ್ಲದಿದ್ದರೆ ರೈಲು. ಆ ಹೊತ್ತಿಗೆ ಜನವೆಲ್ಲ ನಗರದ ಕಡೆ ಬರುತ್ತಿರುತ್ತಾರೆ, ಎದುರು ದಿಕ್ಕಿನ ರೈಲುಗಳು ಕಡಿಮೆ, ಟೈಮಿಂಗ್ ನೋಡಿಟ್ಟುಕೊಳ್ಳಿ, ಆದರೆ ಸೀಟಿಗೆ ಕೊರತೆಯಿಲ್ಲ. ಕೂತ ತಕ್ಷಣ ಅಲಾರಂ ಇಡಿ. ಇಡದಿದ್ದರೆ ಕಂಡಕ್ಟರ್ ಎಬ್ಬಿಸುವುದು ಕೊನೆ ಸ್ಟೇಷನ್ ಅರೋರಾದಲ್ಲಿ.